ಹಳದಿ ಕೊಡೆಯ ಹಿಂದೆ

ಡ್ರೈವಿಂಗ್ ಮಾಸ್ತರು ವಿಮಾನಕ್ಕೂ ಬ್ರೇಕ್ ಒತ್ತಿದರು.

ವಿಮಾನ ನೆಲ ಮುಟ್ಟಿ ದಡದಡನೆ ಓಡುವಾಗ ಅವರ ಬಲಗಾಲು ತಾನಾಗಿ ಮುಂದಿನ ಸೀಟಿನಡಿಗೆ ನುಗ್ಗಿ, ಅಲ್ಲಿ ಯಾರೋ ಇಟ್ಟುಕೊಂಡಿದ್ದ ಚೀಲವನ್ನು ಜೋರಾಗಿ ಅದುಮಿತು. ವಿಮಾನ ನಿಂತಿತು. ಮಾಸ್ತರು ಉಸಿರು ಬಿಟ್ಟರು.

"ನೀವು ಒತ್ತಿದ್ದಕ್ಕೇ ನಿಂತಿದ್ದು ಬಿಡಿ, ಇಲ್ಲಾಂದ್ರೆ ಸೀದಾ ಸಮುದ್ರಕ್ಕೇ ಹೋಗ್ತಿತ್ತು" ಎಂದಳು ಪಕ್ಕದಲ್ಲಿದ್ದ ಹೆಂಡತಿ ಟೈಲರಮ್ಮ.

ಇಪ್ಪತ್ತಾರು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವರಿಗೆ ಕಾಲು ಸುಮ್ಮನಿರುವುದು ಹೇಗೆ? ಅವರ ಬಾಯಲ್ಲಿ ದಿನಕ್ಕೆ ಸಾವಿರ ಸಲ ಬರುತ್ತಿದ್ದ ಮಾತು ಒಂದೇ: "ಮೆಲ್ಲಗೆ." ಮೆಟ್ಟಿಲಿಳಿಯುವವರಿಗೆ ಮೆಲ್ಲಗೆ, ಬಿಸಿ ಕಾಫಿ ಕುಡಿಯುವವರಿಗೆ ಮೆಲ್ಲಗೆ, ಸೀನುವವರಿಗೂ ಮೆಲ್ಲಗೆ. ಟೈಲರಮ್ಮನದು ಇದಕ್ಕೆ ತದ್ವಿರುದ್ಧ. ಅವಳ ಹೊಲಿಗೆ ಯಂತ್ರದ ಹಾಗೆಯೇ ಅವಳೂ, ಒಮ್ಮೆ ಕಾಲಿಟ್ಟರೆ ಸೀಳಿಕೊಂಡು ಹೋಗುವವಳು.

ಈ ಪ್ರವಾಸ ಅವರಿಗೆ ಒಲಿದು ಬಂದದ್ದೂ ಬ್ರೇಕಿನ ದೆಸೆಯಿಂದಲೇ. ಪ್ರವಾಸದ ಏಜೆನ್ಸಿ ನಡೆಸುವ ಒಬ್ಬ ಹೆಂಗಸು ಆರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ, ಎಲ್ಲ ಡ್ರೈವಿಂಗ್ ಸ್ಕೂಲಿನವರೂ ಕೈ ಮುಗಿದು ಕಳಿಸಿದ ಮೇಲೆ ಮಾಸ್ತರ ಬಳಿಗೆ ಬಂದಿದ್ದಳು. ಏಳನೇ ಸಲ ಪಾಸಾದಳು. ಸಂತೋಷಕ್ಕೆ ರಸ್ತೆಯಲ್ಲೇ ಅವರ ಕಾಲಿಗೆ ಬಿದ್ದಳು. ಆಮೇಲೊಂದು ದಿನ ಟೈಲರಮ್ಮನ ಅಂಗಡಿಗೇ ಬಂದು, "ನಮ್ಮ ಗುಂಪಿನಲ್ಲಿ ಎರಡು ಸೀಟು ಖಾಲಿ ಬಿದ್ದಿವೆ ಅಕ್ಕ. ಗುರುದಕ್ಷಿಣೆ ಅನ್ಕೊಳ್ಳಿ, ಇಬ್ಬರೂ ಹೊರಡಿ" ಎಂದು ಕೂತುಬಿಟ್ಟಳು. ಮಾಸ್ತರು "ಯೋಚನೆ ಮಾಡಿ ಹೇಳ್ತೀವಿ" ಎನ್ನುವಷ್ಟರಲ್ಲಿ ಟೈಲರಮ್ಮ ಅಂಗಡಿಯ ಬಾಗಿಲಿಗೆ 'ಹತ್ತು ದಿನ ರಜೆ' ಎಂಬ ಚೀಟಿ ಅಂಟಿಸಿ ಆಗಿತ್ತು.

ಗುಂಪಿನಲ್ಲಿ ಇಪ್ಪತ್ತೆರಡು ಜನ. ಮುಂದೆ ಹಳದಿ ಬಾವುಟ ಹಿಡಿದ ಗೈಡು ಹುಡುಗಿ. ಅವಳನ್ನು ಎಲ್ಲರೂ ಬಾವುಟದಕ್ಕ ಎಂದೇ ಕರೆಯುತ್ತಿದ್ದರು. ಅವಳು ಬಾವುಟ ಎತ್ತಿದರೆ ನಡೆಯಬೇಕು, ಇಳಿಸಿದರೆ ನಿಲ್ಲಬೇಕು, ಬೀಸಿದರೆ ಫೋಟೋ ತೆಗೆಸಿಕೊಳ್ಳಬೇಕು. ಕೋಟೆಗೆ ಇಪ್ಪತ್ತು ನಿಮಿಷ, ಅರಮನೆಗೆ ಇಪ್ಪತ್ತು ನಿಮಿಷ, ಶೌಚಾಲಯಕ್ಕೂ ಇಪ್ಪತ್ತು ನಿಮಿಷ. ಇದನ್ನೆಲ್ಲ ಟೈಲರಮ್ಮ ಸಹಿಸಿಕೊಂಡಳು. ಆದರೆ ಊಟದ ವಿಷಯದಲ್ಲಿ ಅವಳ ತಾಳ್ಮೆ ಕಿತ್ತುಹೋಯಿತು. ಗುಂಪಿನ ಜೊತೆಗೆ ಅಡುಗೆಯವನೂ ಬಂದಿದ್ದ. ಮೂರು ಹೊತ್ತೂ ಡಬ್ಬಿಗಳಲ್ಲಿ ಮನೆಯ ಥರದ್ದೇ ಊಟ. ಎಲ್ಲರೂ ಬಸ್ಸಿನೊಳಗೆ ಕೂತು, ಕಿಟಕಿಯಾಚೆ ಊರಿಗೆ ಊರೇ ಏನೇನೋ ತಿನ್ನುವುದನ್ನು ನೋಡುತ್ತಾ ಅದನ್ನೇ ತಿನ್ನುತ್ತಿದ್ದರು.

"ಇದನ್ನ ತಿನ್ನೋಕೆ ಸಮುದ್ರ ದಾಟಿ ಬರಬೇಕಿತ್ತೇನ್ರೀ? ಅಡುಗೆಮನೆ ದಾಟಿದ್ರೆ ಸಾಕಿತ್ತು."

"ಹೊಟ್ಟೆ ಕೆಟ್ಟರೆ ಏನೇ ಮಾಡೋದು? ಪರದೇಶ."

"ಕೆಟ್ಟರೆ ಕೆಡಲಿ. ಹೊಟ್ಟೆಗೂ ಒಂದು ಪ್ರವಾಸ ಬೇಡವಾ?"

ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಸ್ಸು ಅವರನ್ನು ಒಂದು ದೊಡ್ಡ ಚೌಕದಲ್ಲಿ ಇಳಿಸಿತು. ನಡುವೆ ಗಡಿಯಾರದ ಗೋಪುರ. "ಹನ್ನೊಂದೂವರೆಗೆ ಎಲ್ಲರೂ ಗಡಿಯಾರದ ಕೆಳಗಿರಬೇಕು. ಯಾರೂ ದೂರ ಹೋಗಬೇಡಿ" ಎಂದಳು ಬಾವುಟದಕ್ಕ. ಟೈಲರಮ್ಮನ ಮೂಗಿಗೆ ಅದೇ ಹೊತ್ತಿಗೆ ಪಕ್ಕದ ಗಲ್ಲಿಯಿಂದ ಬೆಣ್ಣೆಯಲ್ಲಿ ಏನೋ ಬೇಯುವ ವಾಸನೆ ಬಡಿಯಿತು. ಅವಳು ಗಂಡನ ತೋಳು ಹಿಡಿದಳು.

"ಐದೇ ನಿಮಿಷ ಬನ್ನಿ."

"ಮೆಲ್ಲಗೆ ಕಣೇ, ಮೆಲ್ಲಗೆ..."

ಗಲ್ಲಿ ಎರಡಾಳು ಅಗಲವಿತ್ತು, ಅಂಗಡಿಗಳು ಮಾತ್ರ ಇಕ್ಕೆಲದಲ್ಲೂ ಒತ್ತಿಕೊಂಡಿದ್ದವು. ಮೊದಲನೆಯದರಲ್ಲಿ ಒಬ್ಬಳು ಕಾದ ಕಲ್ಲಿನ ಮೇಲೆ ತೆಳ್ಳಗಿನ ರೊಟ್ಟಿ ಹರಡಿ, ಅದರೊಳಗೆ ಚೀಸು, ಸೊಪ್ಪು ತುಂಬಿ ಕರವಸ್ತ್ರದಂತೆ ಮಡಿಸಿ ಕೊಡುತ್ತಿದ್ದಳು. ಮಾಸ್ತರು ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಟೈಲರಮ್ಮನಿಗೆ ಗಾಬರಿಯಾಯಿತು.

"ಯಾಕ್ರೀ? ಕೆಟ್ಟದಾಗಿದೆಯಾ?"

"ಇನ್ನೊಂದು ಹೇಳು" ಎಂದರು ಮಾಸ್ತರು, ಕಣ್ಣು ತೆರೆಯದೆ.

ಇನ್ನೊಂದು ಆಯಿತು. ಅದರಾಚೆ ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಬಿಸಿಬಿಸಿ ಉಂಡೆ. ಅದರಾಚೆ ಮರದ ಪೀಪಾಯಿಯಲ್ಲಿ ಹುಳಿಗಟ್ಟಿಸಿದ ಕಾಯಿಪಲ್ಯ. ಅದನ್ನು ಕಚ್ಚಿದೊಡನೆ ಮಾಸ್ತರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು, ಅಂಗಡಿಯ ಮುದುಕ ತನಗೇ ಕಣ್ಣು ಹೊಡೆದರೆಂದು ತಿಳಿದು ತಿರುಗಿ ಕಣ್ಣು ಹೊಡೆದ. ಟೈಲರಮ್ಮ ನಗು ತಡೆಯಲಾಗದೆ ಗೋಡೆಗೆ ಒರಗಿಕೊಂಡಳು. ನಡುನಡುವೆ ದಾರಿಹೋಕರ ಕಾಲರು, ತೋಳು, ಜೇಬಿನ ಹೊಲಿಗೆಗಳ ಫೋಟೋ ಬೇರೆ ತೆಗೆಯುತ್ತಿದ್ದಳು. ಹೀಗೆ ತೆಗೆದೂ ತೆಗೆದೂ ಫೋನಿನ ಚಾರ್ಜು ಮುಗಿದೇ ಹೋಯಿತು. ಮಾಸ್ತರ ಫೋನಂತೂ ಕಳ್ಳರ ಭಯಕ್ಕೆ ಹೋಟೆಲಿನ ಕೋಣೆಯಲ್ಲೇ ಭದ್ರವಾಗಿತ್ತು.

ದೂರದಲ್ಲಿ ಗಡಿಯಾರ ಒಂದು ಸಲ ಢಣ್ ಎಂದಿತು. ಟೈಲರಮ್ಮ ಗಂಡನ ಕೈಗಡಿಯಾರ ನೋಡಿದಳು. ಹನ್ನೆರಡೂವರೆ!

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಚೌಕದಲ್ಲಿ ಪಾರಿವಾಳಗಳು ಬಿಟ್ಟರೆ ಗೊತ್ತಿದ್ದ ಮುಖ ಒಂದೂ ಇಲ್ಲ. ಮಾಸ್ತರ ಮುಖ ಸುಣ್ಣ ಬಳಿದಂತಾಯಿತು. ಅಷ್ಟರಲ್ಲಿ ಚೌಕದ ಕೊನೆಗೆ, ಜನಜಂಗುಳಿಯ ತಲೆಗಳ ಮೇಲೆ ಹಳದಿಯದೊಂದು ಕುಣಿಯುತ್ತಾ ಸಾಗಿದ್ದು ಟೈಲರಮ್ಮನಿಗೆ ಕಂಡಿತು.

"ಅಗೋ ಬಾವುಟ! ಓಡಿ!"

ಹಳದಿ ಮುಂದೆ, ಇವರು ಹಿಂದೆ. ಅದು ಕಟ್ಟೆ ಇಳಿಯಿತು, ಇವರೂ ಇಳಿದರು. ಅದು ಮರದ ಹಲಗೆ ದಾಟಿತು, ಇವರೂ ದಾಟಿದರು. ಹಿಂದೆ ಯಾರೋ ಸರಪಳಿ ಎಳೆದರು. ಕಾಲಡಿಯ ನೆಲ ತೂಗಾಡಿತು. ಮಾಸ್ತರು ಬಗ್ಗಿ ನೋಡಿದರೆ ದಡವೇ ಹಿಂದಕ್ಕೆ ಹೋಗುತ್ತಿತ್ತು. ಅವರು ನಿಂತಿದ್ದದ್ದು ದೋಣಿಯಲ್ಲಿ.

ಹಳದಿ ಬಾವುಟ ಬಾವುಟವಾಗಿರಲಿಲ್ಲ. ಅದೊಂದು ಕೊಡೆ. ಅದನ್ನು ಹಿಡಿದವಳು ಎಂಬತ್ತರ ಆಸುಪಾಸಿನ, ಕಡ್ಡಿಯಂತೆ ನೆಟ್ಟಗಿದ್ದ ಒಬ್ಬ ಅಜ್ಜಿ. ಅವಳ ಸುತ್ತ ಅವಳ ವಯಸ್ಸಿನವರೇ ಹದಿನೈದು ಮಂದಿ ಅಜ್ಜ ಅಜ್ಜಿಯರು. ಎಲ್ಲರೂ ಈ ಇಬ್ಬರನ್ನು ನೋಡಿದರು. ಈ ಇಬ್ಬರೂ ಎಲ್ಲರನ್ನೂ ನೋಡಿದರು.

"ದೋಣಿ ತಿರುಗಿಸಕ್ಕೆ ಹೇಳೇ!" ಎಂದರು ಮಾಸ್ತರು.

"ಯಾವ ಭಾಷೇಲಿ?"

ಅದೂ ನಿಜವೇ. ಟೈಲರಮ್ಮ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತನ್ನೂ ಆಡಿ ನೋಡಿದಳು. ಅಜ್ಜಿ ತನಗೆ ಬರುವ ಎರಡನ್ನು ಆಡಿದಳು. ನಾಲ್ಕಕ್ಕೂ ಎರಡಕ್ಕೂ ತಾಳೆಯಾಗಲಿಲ್ಲ. ಕೊನೆಗೆ ಟೈಲರಮ್ಮ ಎರಡು ಬೆರಳು ಎತ್ತಿ ತಾವಿಬ್ಬರು ಎಂದು ತೋರಿಸಿ, ದಡದ ಕಡೆ ಕೈ ಮಾಡಿ, ಹಣೆ ಚಚ್ಚಿಕೊಂಡಳು. ಹಣೆ ಚಚ್ಚಿಕೊಳ್ಳುವುದಕ್ಕೆ ಎಲ್ಲ ದೇಶದಲ್ಲೂ ಒಂದೇ ಅರ್ಥವಿರಬೇಕು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುಲು ನಕ್ಕಳು. ಮಾಸ್ತರ ಜೇಬಿನಿಂದ ನೇತಾಡುತ್ತಿದ್ದ ಹೋಟೆಲಿನ ಕೀಲಿಕೈ ಅವಳ ಕಣ್ಣಿಗೆ ಬಿತ್ತು. ಅದರ ಬಿಲ್ಲೆಯ ಮೇಲೆ ಹೋಟೆಲಿನ ಫೋನ್ ನಂಬರಿತ್ತು. ಅವಳು ಫೋನು ಮಾಡಿದಳು, ಹೋಟೆಲಿನವರು ಬಾವುಟದಕ್ಕನಿಗೆ ಸುದ್ದಿ ಮುಟ್ಟಿಸಿದರು. ಐದು ನಿಮಿಷದಲ್ಲಿ ಅಜ್ಜಿಯ ಫೋನಿನೊಳಗಿಂದ ಬಾವುಟದಕ್ಕನ ಕೀರಲು ದನಿ ಬಂತು.

"ದ್ವೀಪಕ್ಕೆ ಹೋಗೋ ದೋಣಿ ಅದು! ವಾಪಸ್ ಬರೋದೇ ನಾಲ್ಕು ಗಂಟೆಗೆ. ದಯವಿಟ್ಟು ದೋಣಿ ಇಳಿದ ಕಡೆಯಿಂದ ಅಲ್ಲಾಡಬೇಡಿ ಆಂಟಿ!"

"ಇಲ್ಲಮ್ಮ, ಒಂದು ಚೂರೂ ಅಲ್ಲಾಡಲ್ಲ" ಎಂದು ಮಾತು ಕೊಟ್ಟ ಟೈಲರಮ್ಮ ಫೋನು ಹಿಂದಿರುಗಿಸಿ ಗಂಡನ ಕಡೆ ತಿರುಗಿದಳು. "ನಾಲ್ಕು ಗಂಟೆವರೆಗೂ ನಮ್ಮನ್ನ ಕೇಳೋರಿಲ್ಲ ಕಣ್ರೀ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರೆ. ಬಂದಿದ್ದಾಯ್ತು, ಈಗ ಮುಖ ಗಂಟು ಹಾಕ್ಕೊಂಡ್ರೆ ದೋಣಿ ತಿರುಗುತ್ತಾ?"

ಮಾಸ್ತರು ಸಮುದ್ರ ನೋಡಿದರು. ಗಾಳಿ ಅವರ ಬಾಚಿದ ಕೂದಲನ್ನೆಲ್ಲ ಎಬ್ಬಿಸಿ ನಿಲ್ಲಿಸಿತ್ತು. ತುಟಿಯ ಒಂದು ತುದಿ ಮೆಲ್ಲಗೆ ಮೇಲೆದ್ದಿತು.

ದ್ವೀಪದಲ್ಲಿ ಇಳಿದೊಡನೆ ಕೊಡೆಯಜ್ಜಿ ಇಬ್ಬರನ್ನೂ ತನ್ನ ಎರಡು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಊಟದ ಮನೆಗೆ ಎಳೆದೊಯ್ದಳು. ಸಮುದ್ರಕ್ಕೆ ಮುಖ ಮಾಡಿದ ಒಂದೇ ಉದ್ದ ಕೋಣೆ. ಮೇಜುಗಳಿಗೆ ಕರಿಕಲ್ಲಿನ ಹಲಗೆ. ಬಾಗಿಲಿಲ್ಲದ ಅಡುಗೆಮನೆಯಲ್ಲಿ ಹಂಡೆಯಂಥ ಪಾತ್ರೆಗಳು ಕೊತಕೊತ ಕುದಿಯುತ್ತಿದ್ದವು. ತೋಳು ಮಡಿಸಿದ ದಪ್ಪ ಅಡುಗೆಯಮ್ಮ ಬಂದು ಇವರೆದುರು ನಿಂತು ಏನೋ ಕೇಳಿದಳು. ಏನು ಬೇಕೆಂದೇ ಇರಬೇಕು.

"ಆ ಪಾತ್ರೆಯೊಳಗೆ ಏನಿದೆ ಅಂತ ಮೊದಲು ಕೇಳು" ಎಂದು ಪಿಸುಗುಟ್ಟಿದರು ಮಾಸ್ತರು. "ಮೀನಾದರೆ ಸರಿ. ಹಾವು ಗೀವು ಆದರೆ ನಾನು ಒಲ್ಲೆ."

ಟೈಲರಮ್ಮ ಕೈಚೀಲ ತಡಕಿದಳು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆ ಸಿಕ್ಕಿತು. ಮೇಜಿನ ಕಲ್ಲಿನ ಮೇಲೆ ಒಂದು ಮೀನು ಬರೆದು ಹುಬ್ಬು ಹಾರಿಸಿದಳು. ಅಡುಗೆಯಮ್ಮ ಅಲ್ಲವೆಂದು ತಲೆಯಾಡಿಸಿ, ಬಿಲ್ಲೆ ಕಸಿದು, ಮೀನನ್ನು ಅಂಗೈಯಿಂದ ಒರೆಸಿ, ದುಂಡಗೆ ಏನೋ ಬರೆದು ಅದಕ್ಕೆ ಕಾಲು ಹಚ್ಚತೊಡಗಿದಳು. ಎರಡು, ನಾಲ್ಕು, ಆರು...

"ಇದೇನೇ ಇದು, ಕಾಲು ನಿಲ್ತಾನೇ ಇಲ್ಲ" ಎಂದರು ಮಾಸ್ತರು ಕುರ್ಚಿ ಹಿಂದಕ್ಕೆ ಸರಿಸುತ್ತಾ.

ಅಡುಗೆಯಮ್ಮ ಕೊನೆಗೆ ಎರಡು ದೊಡ್ಡ ಕೊಂಡಿ ಬರೆದು, ತನ್ನ ಎರಡೂ ಕೈಯನ್ನು ಕತ್ತರಿಯಂತೆ ಆಡಿಸುತ್ತಾ ಮಾಸ್ತರ ಮೂಗಿನ ಹತ್ತಿರ ಬಂದಳು.

"ಏಡಿ ಕಣ್ರೀ! ಏಡಿ!"

ಬಂದದ್ದು ಒಂದು ಪರಾತದ ತುಂಬ ಕೆಂಪಗೆ ಬೆಂದ ಏಡಿ, ಜೊತೆಗೊಂದು ಬೋಗುಣಿ ಬೆಣ್ಣೆ, ಎರಡು ಪುಟ್ಟ ಸುತ್ತಿಗೆ. ಕತ್ತಿಗೆ ಕಟ್ಟಿಕೊಳ್ಳಲು ಮಗುವಿಗೆ ಕಟ್ಟುವಂಥ ಬಟ್ಟೆ. ಟೈಲರಮ್ಮ ಮೊದಲು ಆ ಬಟ್ಟೆಯ ಅಂಚನ್ನು ತಿರುಗಿಸಿ ನೋಡಿ, "ಅಂಚು ಮಡಿಸದೇ ಹಾಗೇ ಬಿಟ್ಟಿದ್ದಾರೆ, ಕೈಗಳ್ಳರು" ಎಂದು, ಆಮೇಲೆ ಗಂಡನ ಕೊರಳಿಗೆ ಕಟ್ಟಿದಳು.

"ಮೆಲ್ಲಗೆ ಹೊಡೀರಿ."

"ನನಗೇ ಹೇಳ್ತೀಯಾ?" ಎಂದ ಮಾಸ್ತರು ಸುತ್ತಿಗೆ ಎತ್ತಿ ಇಪ್ಪತ್ತಾರು ವರ್ಷದ ತಾಳ್ಮೆಯನ್ನೆಲ್ಲ ಸೇರಿಸಿ ಒಂದು ಬಿಟ್ಟರು. ಏಡಿಯ ಕೊಂಡಿ ಬಂದೂಕಿನ ಗುಂಡಿನಂತೆ ಚಿಮ್ಮಿ, ಎರಡು ಮೇಜು ದಾಟಿ, ಸೂಪು ಕುಡಿಯುತ್ತಿದ್ದ ಅಜ್ಜನ ಟೋಪಿಯ ಮೇಲೆ ಕೂತಿತು.

ಅಜ್ಜ ಟೋಪಿ ತೆಗೆದ. ಕೊಂಡಿ ನೋಡಿದ. ಅದರೊಳಗಿನ ಮಾಂಸವನ್ನು ನಿಧಾನವಾಗಿ ಹೀರಿ ತಿಂದು, ಚಿಪ್ಪನ್ನು ಎದೆಯ ಜೇಬಿಗೆ ಹೂವಿನಂತೆ ಸಿಕ್ಕಿಸಿಕೊಂಡು, ಎದ್ದು ನಿಂತು ಮಾಸ್ತರಿಗೆ ಸಲಾಮು ಹೊಡೆದ. ಇಡೀ ಕೋಣೆ ಮೇಜು ಗುದ್ದಿ ನಕ್ಕಿತು. ಆಮೇಲೆ ಯಾರು ಯಾರ ಮೇಜಿನವರು ಎಂಬ ಲೆಕ್ಕವೇ ಉಳಿಯಲಿಲ್ಲ. ಒಬ್ಬಳು ತನ್ನ ತಟ್ಟೆಯ ಮೀನು ತಂದು ಬಡಿಸಿದಳು, ಇನ್ನೊಬ್ಬ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುವುದು ಹೇಗೆಂದು ತೋರಿಸಿದ. ಟೈಲರಮ್ಮ ಕೈಚೀಲದ ತಳದಿಂದ ಉಪ್ಪಿನಕಾಯಿಯ ಪುಟ್ಟ ಡಬ್ಬಿ ತೆಗೆದು ಎಲ್ಲರಿಗೂ ನಾಲಿಗೆ ತುದಿಯಷ್ಟು ಹಂಚಿದಳು. ಟೋಪಿಯಜ್ಜ ಕೆಂಪಾಗಿ, ಬೆವರಿ, ಎರಡು ಲೋಟ ನೀರು ಕುಡಿದು, ಮತ್ತೆ ಕೈ ಚಾಚಿದ.

ಊಟವಾದ ಮೇಲೆ ಗುಡ್ಡದ ಮೇಲಿನ ದೀಪಸ್ತಂಭಕ್ಕೆ ಅಜ್ಜಿಯ ಗುಂಪಿನ ವ್ಯಾನು ಹೊರಟಿತು. ಅಲ್ಲಾಡುವುದಿಲ್ಲ ಎಂದು ಮಾತು ಕೊಟ್ಟ ಟೈಲರಮ್ಮ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಹಿಡಿದಳು. ಮಾಸ್ತರನ್ನು ಗೌರವದಿಂದ ಡ್ರೈವರಿನ ಪಕ್ಕ ಕೂರಿಸಿದರು. ಡ್ರೈವರು ಅವರ ವಯಸ್ಸಿನವನೇ, ಪೊದೆ ಮೀಸೆಯವನು. ಮೊದಲ ತಿರುವಿನಲ್ಲೇ ಮಾಸ್ತರ ಕಾಲು ನೆಲ ಒತ್ತಿತು. ಎರಡನೇ ತಿರುವಿನಲ್ಲಿ ಇನ್ನೂ ಜೋರಾಗಿ ಒತ್ತಿತು. ಮೀಸೆಯವನು ಆ ಕಾಲು ನೋಡಿದ, ಮುಖ ನೋಡಿದ, ಸ್ಟೀರಿಂಗಿನತ್ತ ಬೆರಳು ಮಾಡಿ ಪ್ರಶ್ನೆಯಂತೆ ಹುಬ್ಬೇರಿಸಿದ. ಮಾಸ್ತರು ಹೌದೆಂದು ತಲೆಯಾಡಿಸಿ, ಪಾಠ ಹೇಳುವವನಂತೆ ತೋರುಬೆರಳು ಆಡಿಸಿದರು. ಮೀಸೆಯವನು "ಓ!" ಎಂದು ಅವರ ಕೈ ಹಿಡಿದು ಕುಲುಕಿದ.

"ಕೈ ಬಿಡಪ್ಪ, ಮೊದಲು ಸ್ಟೀರಿಂಗ್ ಹಿಡಿ!" ಎಂದು ಕೂಗಿದರು ಮಾಸ್ತರು.

ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಎದುರಿನಿಂದ ನೀರಿನ ಟ್ಯಾಂಕರು ಇಳಿದು ಬಂತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ, ನಡುವೆ ಒಂದೇ ಗಾಡಿಯ ರಸ್ತೆ. ತುಂಬಿದ ಟ್ಯಾಂಕರು ಹಿಂದೆ ಹೋಗುವ ಹಾಗಿಲ್ಲ. ವ್ಯಾನೇ ಎರಡು ತಿರುವು ಹಿಂದಕ್ಕೆ ಹೋಗಬೇಕು. ಹಿಂದಿನ ಗಾಜಿನ ತುಂಬ ಅಜ್ಜ ಅಜ್ಜಿಯರ ತಲೆಗಳು, ಏನೂ ಕಾಣುವುದಿಲ್ಲ. ಮೀಸೆಯವನ ಹಣೆಯಲ್ಲಿ ಬೆವರು ಮೂಡಿತು.

ಮಾಸ್ತರು ಬಾಗಿಲು ತೆಗೆದು ಇಳಿದರು. ಅಂಗಿಯ ತೋಳು ಮಡಿಸಿದರು. ವ್ಯಾನಿನ ಹಿಂದೆ ಹೋಗಿ ಕಾಲಗಲಿಸಿ ನಿಂತು, ಎರಡೂ ಕೈ ಎತ್ತಿದರು.

"ಬಾ... ಬಾ... ಬಾ... ಬಲಕ್ಕೆ ಕಟ್ ಮಾಡು... ಸಾಕ್, ಸಾಕ್! ಈಗ ನೇರ ಮಾಡು... ಬಾ, ಬಾ, ಬಾ..."

ಅಚ್ಚ ಕನ್ನಡ. ಆದರೆ ಮೀಸೆಯವನಿಗೆ ಒಂದಕ್ಷರವೂ ತಪ್ಪಲಿಲ್ಲ. ಪಕ್ಕದ ಕನ್ನಡಿಯಲ್ಲಿ ಮಾಸ್ತರ ಅಂಗೈ ಹೇಗೆ ತಿರುಗಿತೋ ವ್ಯಾನು ಹಾಗೆ ತಿರುಗಿತು. "ಸಾಕ್" ಎಂದು ಅವರು ವ್ಯಾನಿನ ಬೆನ್ನು ತಟ್ಟಿದರೆ ನಿಂತಿತು. ಟೈಲರಮ್ಮ ಕಿಟಕಿಯಿಂದ ಕತ್ತು ಹೊರಗೆ ಚಾಚಿ ನೋಡುತ್ತಿದ್ದಳು. ಮನೆಯಲ್ಲಿ ಒಂದು ಕುರ್ಚಿ ಸರಿಸುವಾಗಲೂ ಹತ್ತು ಸಲ ಯೋಚಿಸುವ ಮನುಷ್ಯ ಪ್ರಪಾತದ ಅಂಚಿಗೆ ಬೆನ್ನು ಮಾಡಿ, ರಾಜನ ಥರ ಕೈ ಬೀಸುತ್ತಿದ್ದ. ಕೆಲಸದ ಹೊತ್ತಿನಲ್ಲಿ ಗಂಡನನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ.

ಪಕ್ಕದ ಕೊಡೆಯಜ್ಜಿಗೆ ಏನನ್ನಿಸಿತೋ, ಮಾಸ್ತರ ಜೊತೆ ತಾನೂ "ಬಾ, ಬಾ" ಎಂದಳು. ಟೋಪಿಯಜ್ಜ ದನಿಗೂಡಿಸಿದ. ಎರಡನೇ ತಿರುವಿಗೆ ಬರುವಷ್ಟರಲ್ಲಿ ಹದಿನೈದು ಮಂದಿಯೂ ತಾಳ ಹಾಕಿ "ಬಾ! ಬಾ! ಬಾ! ಸಾಕ್ ಸಾಕ್!" ಎಂದು ಕೂಗುತ್ತಿದ್ದರು. ವ್ಯಾನು ಅಗಲವಾದ ಜಾಗಕ್ಕೆ ಸೂಜಿಗೆ ದಾರ ಪೋಣಿಸಿದಂತೆ ಹೊಕ್ಕಿತು. ಟ್ಯಾಂಕರಿನವನು ಹಾರ್ನು ಬಾರಿಸಿ, ಕೈಯೆತ್ತಿ ಹೋದ. ಮಾಸ್ತರು ಒಳಗೆ ಬಂದಾಗ ಚಪ್ಪಾಳೆಗೆ ವ್ಯಾನೇ ಅದುರಿತು. ಕೊಡೆಯಜ್ಜಿ ಎದ್ದು ಅವರ ಎರಡೂ ಕೆನ್ನೆಗೆ ಲೊಚಲೊಚನೆ ಮುತ್ತು ಕೊಟ್ಟಳು. ಮಾಸ್ತರು ಹೆಂಡತಿಯ ಕಡೆ ನೋಡಿದರು.

"ನಾನೇನೂ ಮಾಡಲಿಲ್ಲ ಕಣೇ, ಅವರೇ ಕೊಟ್ಟರು."

"ಇರಲಿ ಬಿಡಿ" ಎಂದಳು ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತಾ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತ್ತು. "ಸಂಪಾದಿಸಿದ್ದೀರಿ."

ಗುಡ್ಡದ ತುದಿಯಲ್ಲಿ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಅಜ್ಜಿಯ ಹಳದಿ ಕೊಡೆ ಒಂದೇ ಏಟಿಗೆ ಬಟ್ಟಲಿನಂತೆ ಮಗುಚಿ, ಬಟ್ಟೆ ಕಡ್ಡಿಯಿಂದ ಕಿತ್ತು ಬಂತು. ಟೈಲರಮ್ಮ ಅದನ್ನು ಕೇಳದೆಯೇ ಇಸಿದುಕೊಂಡು, ದೀಪಸ್ತಂಭದ ಮೆಟ್ಟಿಲ ಮರೆಯಲ್ಲಿ ಕೂತು, ಕೈಚೀಲದಲ್ಲಿದ್ದ ದಾರದ ಉಂಡೆಯಿಂದ ಸೂಜಿ ಎಳೆದಳು. ಅವಳು ಎರಡನೇ ಕಡ್ಡಿಗೆ ಗಂಟು ಹಾಕುವಾಗ ಮಾಸ್ತರು ಎರಡು ಐಸ್‌ಕ್ರೀಮ್ ಹಿಡಿದು ಬಂದರು. ಅವಳ ಕೈ ಖಾಲಿಯಿಲ್ಲ, ಐಸ್‌ಕ್ರೀಮ್ ಕಾಯುವುದಿಲ್ಲ. ಅವರು ಪಕ್ಕದ ಮೆಟ್ಟಿಲಲ್ಲಿ ಕೂತು ತಮಗೊಂದು ತುತ್ತು, ಅವಳಿಗೊಂದು ತುತ್ತು ಎಂದು ತಿನ್ನಿಸತೊಡಗಿದರು. ಸುತ್ತ ಜನರಿದ್ದರು. ಮಾಸ್ತರು ಆಚೀಚೆ ನೋಡಲಿಲ್ಲ.

ಊರಿನಲ್ಲಿ ಅವರಿಗೆ ಮುಂಜಾನೆ ಐದೂವರೆಗೆ ಮೊದಲ ಪಾಠ, ಅವಳಿಗೆ ಹಗಲೆಲ್ಲ ಅಂಗಡಿ. ಒಬ್ಬರು ಉಂಡ ತಟ್ಟೆ ಒಣಗಿದ ಮೇಲೆ ಇನ್ನೊಬ್ಬರು ಉಣ್ಣುತ್ತಿದ್ದರು. ಮದುವೆಯ ದಿನ ಬಿಟ್ಟರೆ ಗಂಡನ ಕೈಯಿಂದ ಏನಾದರೂ ತಿಂದ ನೆನಪೇ ಟೈಲರಮ್ಮನಿಗಿರಲಿಲ್ಲ.

"ಆವತ್ತು ನಿಮ್ಮ ಕೈ ನಡುಗುತ್ತಿತ್ತು. ಅರ್ಧ ಸೀರೆ ಮೇಲೇ ಬಿತ್ತು."

"ಈಗ ನೋಡು, ಒಂದು ತೊಟ್ಟೂ ಬಿದ್ದಿಲ್ಲ" ಎಂದರು ಮಾಸ್ತರು ಹೆಮ್ಮೆಯಿಂದ. ಅಷ್ಟರಲ್ಲಿ ಐಸ್‌ಕ್ರೀಮಿನ ಗುಡ್ಡೆ ಜಾರಿ ಅವರ ಪ್ಯಾಂಟಿನ ಮೇಲೆ ಪಚಕ್ಕೆಂದು ಬಿತ್ತು. ಅದನ್ನು ನೋಡುತ್ತಾ ಅವರು ತಲೆ ಹಿಂದಕ್ಕೆಸೆದು, ಬಾಯ್ತುಂಬ, ಗಟ್ಟಿಯಾಗಿ ನಕ್ಕರು. ಅವಳು ಸೂಜಿ ನಿಲ್ಲಿಸಿ ಆ ನಗೆಯನ್ನು ಕೊನೆವರೆಗೂ ಕೇಳಿದಳು.

ದಡಕ್ಕೆ ಮರಳಿದಾಗ ಬಾವುಟದಕ್ಕ ಕಟ್ಟೆಯ ಮೇಲೇ ಕಾಯುತ್ತಿದ್ದಳು. ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮತ್ತೆ ಬೈದಳು. ಟೈಲರಮ್ಮ ಪೂರ್ತಿ ಕೇಳಿ, "ತಪ್ಪಾಯ್ತು ತಾಯಿ. ಬೆಳಿಗ್ಗೆಯಿಂದ ಏನಾದರೂ ತಿಂದೆಯಾ?" ಎಂದು, ಕಾಗದದಲ್ಲಿ ಕಟ್ಟಿ ತಂದಿದ್ದ ಕರಿದ ಮೀನು ಬಿಚ್ಚಿ ಕೈಗಿಟ್ಟಳು. ಮೂರನೇ ತುಣುಕಿಗೆ ಬಾವುಟದಕ್ಕನ ಅಳು ನಿಂತಿತು. "ನಾನು ಈ ಊರಿಗೆ ಮೂವತ್ತು ಸಲ ಬಂದಿದ್ದೀನಿ ಆಂಟಿ. ಆ ದೋಣಿ ಹತ್ತಿಯೇ ಇಲ್ಲ" ಎಂದಳು ಸಣ್ಣ ದನಿಯಲ್ಲಿ.

ಬಸ್ಸಿನಲ್ಲಿದ್ದವರು ಮುಖ ಊದಿಸಿಕೊಂಡಿದ್ದರು. ಊರು ಸುತ್ತಿ ಮುಗಿಸಿ ಇವರಿಬ್ಬರನ್ನು ಕರೆದೊಯ್ಯಲೆಂದು ಹಿಂದಿರುಗಿ ಬಂದು ಎಲ್ಲರಿಗೂ ಒಂದು ಗಂಟೆ ತಡವಾಗಿತ್ತು. ಆದರೆ ಮಾಸ್ತರು ಮೈಕು ಇಸಿದುಕೊಂಡು ಕ್ಷಮೆ ಕೇಳುವ ನೆವದಲ್ಲಿ ಏಡಿಯ ಕೊಂಡಿ ಹಾರಿದ ಕಥೆ ಶುರು ಮಾಡಿದ್ದೇ ತಡ, ಊದಿದ ಮುಖಗಳು ಒಂದೊಂದಾಗಿ ಇಳಿದವು. ಹೋಟೆಲು ಬಂದರೂ ಯಾರೂ ಇಳಿಯಲಿಲ್ಲ. ವ್ಯಾನಿನ ಕಥೆ ಬಾಕಿಯಿತ್ತು.

ಮರುದಿನ ಪಟ್ಟಿಯಲ್ಲಿದ್ದದ್ದು ವಸ್ತುಸಂಗ್ರಹಾಲಯ. ತಿಂಡಿಯ ಹೊತ್ತಿಗೆ ಇಪ್ಪತ್ತು ಮಂದಿಯೂ ಒಕ್ಕೊರಲಿನಲ್ಲಿ ದ್ವೀಪ ಎಂದರು. ಬಾವುಟದಕ್ಕ ಬೇಡವೆನ್ನುವ ಮುಖ ಮಾಡಿದಳು. ಆದರೆ ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕೂತವಳೂ ಅವಳೇ.

ಕಟ್ಟೆಯಲ್ಲಿ ದ್ವೀಪದ ದೋಣಿಗೆ ಎಲ್ಲರೂ ಹತ್ತುತ್ತಿದ್ದರು. ಟೈಲರಮ್ಮ ಕೊನೆಯಲ್ಲಿದ್ದಳು. ಪಕ್ಕದ ಕಟ್ಟೆಯಲ್ಲಿ ಇನ್ನೊಂದು ದೋಣಿ, ಹಸಿರು ಬಣ್ಣದ್ದು, ಮೂತಿ ಬೇರೆ ದಿಕ್ಕಿಗಿತ್ತು. ಅದರ ಸರಪಳಿ ಆಗ ತಾನೇ ಬಿಚ್ಚುತ್ತಿದ್ದರು.

"ರೀ, ಅದು ಎಲ್ಲಿಗೆ ಹೋಗುತ್ತೋ?"

ಮಾಸ್ತರು ದ್ವೀಪದ ದೋಣಿ ನೋಡಿದರು. ಹಸಿರು ದೋಣಿ ನೋಡಿದರು. ಟೈಲರಮ್ಮ ಬುದ್ಧಿಮಾತಿಗಾಗಿ ಕಾದಳು.

"ಬೇಗ ಬಾರೇ!" ಎಂದು ಅವಳ ಕೈ ಹಿಡಿದು ಮಾಸ್ತರೇ ಮೊದಲು ಹಾರಿದರು.

"ಅಂಕಲ್! ಆಂಟಿ!" ಎಂದು ಬಾವುಟದಕ್ಕ ಆಚೆ ದೋಣಿಯಿಂದ ಚೀರಿದಳು. ಗುಂಪಿನವರು ಕೈ ಬೀಸಿದರು. ಎರಡು ದೋಣಿಗಳ ನಡುವೆ ನೀರು ಅಗಲವಾಗುತ್ತಾ ಹೋಯಿತು. ಟೈಲರಮ್ಮ ಕಂಬಿ ಹಿಡಿದು ಕೈ ಬೀಸುತ್ತಲೇ ಇದ್ದಳು. ದೋಣಿಯ ಒಳಗಡೆಯಿಂದ ಏನೋ ಹುರಿಯುವ ಸದ್ದು ಬರುತ್ತಿತ್ತು. ಅದು ಏನೆಂದು ವಿಚಾರಿಸಲು ಮಾಸ್ತರು ಆಗಲೇ ಸಾಲಿನಲ್ಲಿ ನಿಂತಾಗಿತ್ತು.